ಹದಿನೆಂಟು ಮೊಳದಾಚೆ ಏರದ ನೀರು

ಗೆಲಿಲಿಯೊ ಬರೆದ ಕೊನೆಯ ಪುಸ್ತಕದಲ್ಲಿ ಒಬ್ಬ ಪಂಪ್ ರಿಪೇರಿಯವನು ಬರುತ್ತಾನೆ. ಅವನಿಗೆ ಹೆಸರಿಲ್ಲ, ಊರಿಲ್ಲ. ಬಂದು ಎರಡು ಮಾತು ಹೇಳಿ ಹೊರಟುಹೋಗುತ್ತಾನೆ. ವಿಜ್ಞಾನದ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟದ ಮನುಷ್ಯ ಅವನೇ.

ಪುಸ್ತಕ ಅಚ್ಚಾದದ್ದು 1638ರಲ್ಲಿ, ಹಾಲೆಂಡಿನ ಲೈಡನ್ ಪಟ್ಟಣದಲ್ಲಿ. ಗೆಲಿಲಿಯೊ ಆಗ ಫ್ಲಾರೆನ್ಸ್ ಪಕ್ಕದ ಅರ್ಚೆತ್ರಿಯಲ್ಲಿ ಗೃಹಬಂಧನದಲ್ಲಿದ್ದ, ಕಣ್ಣು ಹೋಗಿತ್ತು. ಇಟಲಿಯಲ್ಲಿ ಅವನ ಬರಹ ಅಚ್ಚುಮಾಡುವಂತಿರಲಿಲ್ಲ, ಹಾಗಾಗಿ ಹಸ್ತಪ್ರತಿ ಅಷ್ಟು ದೂರ ಪ್ರಯಾಣ ಮಾಡಬೇಕಾಯಿತು. ಪುಸ್ತಕದ ಉದ್ದಕ್ಕೂ ಮೂವರು ಕುಳಿತು ಮಾತಾಡುತ್ತಾರೆ. ಅವರಲ್ಲಿ ಒಬ್ಬ ವೆನಿಸ್ಸಿನ ಶ್ರೀಮಂತ ಸಗ್ರೆದೊ. ನಿಜವಾದ ಸಗ್ರೆದೊ ಗೆಲಿಲಿಯೊನ ಗೆಳೆಯ, 1620ರಲ್ಲೇ ತೀರಿಕೊಂಡಿದ್ದ. ಪುಸ್ತಕದಲ್ಲಿ ಮಾತ್ರ ಇನ್ನೂ ಹರಟುತ್ತಾ ಕುಳಿತಿದ್ದಾನೆ. ಮೊದಲ ದಿನದ ಮಾತುಕತೆಯ ನಡುವೆ ಅವನು ತಾನು ಕಂಡ ಒಂದು ನೀರಿನ ತೊಟ್ಟಿಯ ಸುದ್ದಿ ತೆಗೆಯುತ್ತಾನೆ. ಅದಕ್ಕೊಂದು ಪಂಪು ಕೂರಿಸಿದ್ದರಂತೆ. ಬಕೆಟ್ಟಿನಲ್ಲಿ ಸೇದುವುದಕ್ಕಿಂತ ಸಲೀಸು ಎಂಬ ನಂಬಿಕೆಯಿಂದ ಕೂರಿಸಿದ್ದು. ಆ ನಂಬಿಕೆ ತಪ್ಪೆಂದು ಸಗ್ರೆದೊ ಅಲ್ಲೇ ಒಂದು ಚುಚ್ಚುಮಾತನ್ನೂ ಸೇರಿಸುತ್ತಾನೆ. ತೊಟ್ಟಿಯಲ್ಲಿ ನೀರು ಒಂದು ಮಟ್ಟಕ್ಕಿಂತ ಮೇಲಿದ್ದಾಗ ಪಂಪು ಚೆನ್ನಾಗಿ ಎತ್ತುತ್ತಿತ್ತು. ಆ ಮಟ್ಟಕ್ಕಿಂತ ಕೆಳಗಿಳಿದರೆ ನಿಂತುಬಿಡುತ್ತಿತ್ತು. ಕೆಟ್ಟಿದೆ ಎಂದುಕೊಂಡು ರಿಪೇರಿಯವನನ್ನು ಕರೆಸಿದ. ಬಂದವನು ನೋಡಿ, ದೋಷ ಪಂಪಿನದಲ್ಲ, ನೀರಿನದು, ಅದು ಎತ್ತಲಾಗದಷ್ಟು ಕೆಳಗೆ ಹೋಗಿದೆ ಎಂದ. ಎಳೆದು ಎತ್ತುವ ಯಾವ ಯಂತ್ರವಾದರೂ ಸರಿ, ದೊಡ್ಡದಿರಲಿ ಚಿಕ್ಕದಿರಲಿ, ಹದಿನೆಂಟು ಮೊಳದ ಮೇಲೆ ಕೂದಲೆಳೆಯಷ್ಟೂ ನೀರೆತ್ತಲಾರದು ಎಂದೂ ಹೇಳಿದ.

ಅವರ ಮೊಳ ನಮ್ಮದಕ್ಕಿಂತ ಉದ್ದ, ಸುಮಾರು 58 ಸೆಂಟಿಮೀಟರ್. ಹದಿನೆಂಟು ಮೊಳ ಎಂದರೆ ಹತ್ತೂವರೆ ಮೀಟರ್. ನಮ್ಮ ಮೊಳದಲ್ಲಿ ಲೆಕ್ಕ ಹಾಕಿದರೆ ಎಂಟು ಮೀಟರ್ ಚಿಲ್ಲರೆ ಆಗುತ್ತದೆ. ಈ ಎರಡನೆಯ ಲೆಕ್ಕ ಸುಮ್ಮನೆ ಕಾಕತಾಳೀಯ, ಆದರೂ ನೆನಪಿಟ್ಟುಕೊಳ್ಳಲು ಯೋಗ್ಯ. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ವಾಯುವಿನ ಒತ್ತಡದ ಪಾಠ ಎಲ್ಲ ಪುಸ್ತಕದಲ್ಲೂ ಶುರುವಾಗುವುದು ಟಾರಿಸೆಲ್ಲಿಯಿಂದ: ಒಂದು ಗಾಜಿನ ನಳಿಕೆ, ಒಂದು ಬೋಗುಣಿ ಪಾದರಸ, 76 ಸೆಂಟಿಮೀಟರ್. ಆ ನಳಿಕೆಯ ಹಿಂದೆ ನಿಂತುಹೋದ ಪಂಪುಗಳ ದೊಡ್ಡ ಸಾಲೇ ಇದೆ ಎಂಬುದು ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ಪಾದರಸದಿಂದ ಶುರುಮಾಡಿದರೆ ಮಕ್ಕಳಿಗೆ ಅದೊಂದು ಜಾದೂ ಆಗುತ್ತದೆ. ಬಾವಿಯಿಂದ ಶುರುಮಾಡಿದರೆ ಅದು ಮನೆಯ ತಾಪತ್ರಯ, ಕೂಡಲೇ ಅರ್ಥವಾಗುತ್ತದೆ.

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಬಾವಿಯಲ್ಲಿ ಇದೇ ತಾಪತ್ರಯ ಶುರುವಾದದ್ದು ಒಂದು ಮಾರ್ಚ್ ತಿಂಗಳಲ್ಲಿ. ಬಾವಿಕಟ್ಟೆಯ ಪಕ್ಕದಲ್ಲಿ ಕೂರಿಸಿದ ಒಂದು ಎಚ್‌ಪಿ ಮೋಟರು. ಬೆಳಿಗ್ಗೆ ಹಾಕಿದರೆ ಇಪ್ಪತ್ತು ನಿಮಿಷ ಚೆನ್ನಾಗಿ ನೀರು, ಆಮೇಲೆ ಪೈಪಿನಲ್ಲಿ ಬರೀ ಉಸಿರು. ಆರಿಸಿ ಎರಡು ಗಂಟೆ ಬಿಟ್ಟು ಹಾಕಿದರೆ ಮತ್ತೆ ನೀರು. ಮೊದಲು ಬಂದವರೊಬ್ಬರು ಕಂಡೆನ್ಸರ್ ಬದಲಾಯಿಸಿದರು. ಎರಡನೆಯವರು ಫೂಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆ ಎಂದು ಪೈಪೆಲ್ಲ ಮೇಲೆತ್ತಿಸಿ, ವಾಲ್ವು ಹೊಸದು ಹಾಕಿ, ಪಂಪಿಗೆ ನೀರು ತುಂಬಿಸಿ, ಏರ್ ಹಿಡಿದಿತ್ತು, ಇನ್ನು ತೊಂದರೆಯಿಲ್ಲ ಎಂದು ಹೋದರು. ಮಾರನೇ ದಿನ ಇಪ್ಪತ್ತೊಂದನೇ ನಿಮಿಷಕ್ಕೆ ಮತ್ತದೇ ಉಸಿರು. ಹೊಸ ಮೋಟರು ತರುವ ಮಾತು ಮನೆಯಲ್ಲಿ ಎದ್ದಿತ್ತು.

ಮೂರನೆಯವರು ವಯಸ್ಸಾದವರು. ಮೋಟರಿನ ಹತ್ತಿರ ಹೋಗಲೇ ಇಲ್ಲ. ಸ್ವಲ್ಪ ದೂರ ನಿಂತು ಸದ್ದು ಕೇಳಿದರು. ನೀರು ನಿಲ್ಲುವುದಕ್ಕೆ ಮುಂಚೆ ಪಂಪಿನೊಳಗೆ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಒಂದು ಸದ್ದು ಬರುತ್ತಿತ್ತು. ಅದನ್ನು ಕೇಳಿದ್ದೇ ಅವರು, ಒಂದು ಹಗ್ಗ ಕೊಡಿ ಎಂದರು. ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟು, ಒದ್ದೆಯಾದ ಗುರುತಿನವರೆಗೆ ಅಳೆದರು. ಶುರುವಿಗೆ ನೀರು ಪಂಪಿನಿಂದ 23 ಅಡಿ ಕೆಳಗಿತ್ತು. ನಿಂತಾಗ 26. “ಪಂಪಿನದ್ದೇನೂ ಇಲ್ಲ ಮೇಷ್ಟ್ರೇ, ನೀರು ಕೆಳಗೆ ಹೋಗಿದೆ. ಇಪ್ಪತ್ತೈದು ಅಡಿ ದಾಟಿದರೆ ಯಾವ ಕಂಪನಿಯ ಪಂಪೂ ಎಳೆಯೋದಿಲ್ಲ” ಎಂದರು. ಪುಸ್ತಕದ ಆ ರಿಪೇರಿಯವನೇ ಎದುರಿಗೆ ನಿಂತು ಬೀಡಿ ಹಚ್ಚಿದ ಹಾಗಾಯಿತು ನನಗೆ.

ರಿಪೇರಿಯವನ ಮಾತನ್ನು ಗೆಲಿಲಿಯೊ ಕೇಳಿಸಿಕೊಂಡ, ನಂಬಿದ, ಬರೆದಿಟ್ಟ. ಅದು ದೊಡ್ಡದು. ಆದರೆ ಅದಕ್ಕೆ ಅವನು ಕೊಟ್ಟ ಕಾರಣ ಸರಿಯಿರಲಿಲ್ಲ. ಉದ್ದದ ಹಗ್ಗವನ್ನೋ ಸರಳನ್ನೋ ಮೇಲಿನಿಂದ ತೂಗುಬಿಟ್ಟರೆ, ಒಂದು ಉದ್ದ ದಾಟಿದ ಮೇಲೆ ತನ್ನ ಭಾರಕ್ಕೆ ತಾನೇ ತುಂಡಾಗುತ್ತದೆ. ನೀರಿನ ಕಂಬವೂ ಹಾಗೆಯೇ, ಹದಿನೆಂಟು ಮೊಳಕ್ಕೆ ತುಂಡಾಗುತ್ತದೆ ಎಂದು ಅವನ ತರ್ಕ. ನೀರನ್ನು ಮೇಲಿನಿಂದ ಯಾವುದೋ ಎಳೆಯುತ್ತಿದೆ ಎಂಬ ಚಿತ್ರ ಅವನ ತಲೆಯಿಂದ ಹೋಗಿರಲಿಲ್ಲ. ಪ್ರಕೃತಿಗೆ ಬರಿದು ಜಾಗ ಕಂಡರಾಗದು, ಹಾಗಾಗಿ ನೀರು ತಾನೇ ಏರಿ ಬಂದು ತುಂಬುತ್ತದೆ ಎಂದು ಅರಿಸ್ಟಾಟಲನ ಕಾಲದಿಂದ ಹೇಳಿಕೊಂಡು ಬಂದಿದ್ದರು. ಗೆಲಿಲಿಯೊ ಆ ಹಳೆಯ ಮಾತಿಗೆ ಒಂದು ಅಳತೆ ಕೊಟ್ಟ, ಆದರೆ ಅದರಿಂದ ಪೂರ್ತಿ ಬಿಡಿಸಿಕೊಳ್ಳಲಿಲ್ಲ.

ಸರಿಯಾದ ಕಾರಣ ಅವನ ಮನೆಬಾಗಿಲಿಗೇ ಬಂದಿತ್ತು ಎಂಬುದು ಇದರಲ್ಲಿನ ಸ್ವಾರಸ್ಯ. 1630ರಲ್ಲಿ ಜಿನೊವಾದ ಬಲಿಯಾನಿ ಎಂಬವನು ಅವನಿಗೊಂದು ಪತ್ರ ಬರೆದ. ಸುಮಾರು 20 ಮೀಟರ್ ಎತ್ತರದ ಗುಡ್ಡ ಹತ್ತಿಸಿ ಇಳಿಸುವ ಹಾಗೆ ತಾಮ್ರದ ಕೊಳವೆ ಹಾಕಿಸಿದ್ದೇನೆ, ನೀರು ದಾಟುತ್ತಿಲ್ಲ, ಯಾಕೆ ಎಂಬುದು ಪ್ರಶ್ನೆ. ಗೆಲಿಲಿಯೊ ಹಗ್ಗದ ಉತ್ತರ ಕೊಟ್ಟ. ಬಲಿಯಾನಿ ಮರು ಪತ್ರದಲ್ಲಿ ಬೇರೆಯೇ ಒಂದು ಮಾತು ಹೇಳಿದ: ನಾವು ಗಾಳಿಯ ಆಳದಲ್ಲಿದ್ದೇವೆ, ಸಮುದ್ರದ ತಳದಲ್ಲಿರುವವರಿಗೆ ನೀರಿನ ಭಾರ ಇರುವ ಹಾಗೆ ನಮ್ಮ ಮೇಲೆ ಗಾಳಿಯ ಭಾರವಿದೆ, ಅದು ಸೈರಿಸುವಷ್ಟು ಎತ್ತರಕ್ಕೆ ಮಾತ್ರ ನೀರು ಏರೀತು. ಎಂಟು ವರ್ಷದ ನಂತರ ಅಚ್ಚಾದ ಪುಸ್ತಕದಲ್ಲಿ ಗೆಲಿಲಿಯೊ ಹಗ್ಗವನ್ನೇ ಉಳಿಸಿಕೊಂಡ. ದೊಡ್ಡವರಿಗೂ ಒಂದು ಉಪಮೆ ಹಿಡಿಸಿತೆಂದರೆ ಬಿಡುವುದು ಕಷ್ಟ.

ಆಮೇಲಿನ ಕತೆ ಬೇಗ ಓಡುತ್ತದೆ. 1640ರ ಆಸುಪಾಸಿನಲ್ಲಿ ರೋಮಿನ ಗಾಸ್ಪರೊ ಬೆರ್ತಿ ತನ್ನ ಮನೆಯ ಗೋಡೆಗೆ ಉದ್ದನೆಯ ಸೀಸದ ಕೊಳವೆ ನಿಲ್ಲಿಸಿ, ನೀರು ತುಂಬಿ, ಮೇಲೆ ಮುಚ್ಚಿ, ಕೆಳಗಿನ ನಲ್ಲಿ ಬಿಟ್ಟ. ನೀರು ಪೂರ್ತಿ ಸುರಿಯಲಿಲ್ಲ, ಇಳಿದು ಹತ್ತು ಮೀಟರ್ ಚಿಲ್ಲರೆಗೆ ನಿಂತಿತು. ಟಾರಿಸೆಲ್ಲಿ ಮಾಡಿದ್ದು ಇದನ್ನು ಕುಗ್ಗಿಸಿದ್ದು. ಪಾದರಸ ನೀರಿಗಿಂತ 13.6 ಪಟ್ಟು ತೂಕ, ಹಾಗಾಗಿ ಮೂರು ಮಹಡಿಯ ಕೊಳವೆ ಮೇಜಿನ ಮೇಲೆ ಕೂರುವಷ್ಟಾಯಿತು. 1644ರ ಜೂನಿನಲ್ಲಿ ಗೆಳೆಯ ರಿಚ್ಚಿಗೆ ಬರೆದ ಪತ್ರದಲ್ಲಿ ಅವನೂ ಗಾಳಿಯ ಕಡಲಿನ ತಳದಲ್ಲಿ ನಾವಿದ್ದೇವೆಂದೇ ಬರೆದ. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನಲ್ಲಿ ಪ್ಯಾಸ್ಕಲನ ಭಾವ ಪೆರಿಯೆ ಪಾದರಸದ ನಳಿಕೆ ಹಿಡಿದು ಪುಯ್ ದ ದೋಮ್ ಬೆಟ್ಟ ಹತ್ತಿದ. ಕೆಳಗಿನ ಕಾನ್ವೆಂಟಿನಲ್ಲಿ ಇನ್ನೊಂದು ನಳಿಕೆಯನ್ನು ಒಬ್ಬ ಪಾದ್ರಿ ದಿನವಿಡೀ ಕಾಯುತ್ತಾ ಕುಳಿತಿದ್ದ. ಬೆಟ್ಟದ ಮೇಲೆ ಪಾದರಸ ಎಂಟು ಸೆಂಟಿಮೀಟರಿಗೂ ಹೆಚ್ಚು ಇಳಿಯಿತು, ಕೆಳಗಿನದು ಕದಲಲಿಲ್ಲ. ಅಲ್ಲಿಗೆ ಪಂಪು ನೀರನ್ನು ಎಳೆಯುತ್ತದೆ ಎಂಬ ಮಾತು ಮುಗಿಯಿತು. ಪಂಪು ಮಾಡುವುದು ಪೈಪಿನ ಮೇಲಿನ ತುದಿಯಲ್ಲಿ ಒತ್ತಡ ಕಡಿಮೆ ಮಾಡುವ ಕೆಲಸ ಮಾತ್ರ. ನೀರನ್ನು ಕೆಳಗಿನಿಂದ ತಳ್ಳಿ ಮೇಲೆ ಕಳಿಸುವುದು ಬಾವಿಯ ನೀರಿನ ಮೇಲೆ ಕೂತಿರುವ ಗಾಳಿ.

ಈ ಬೆಟ್ಟ ಹತ್ತಿದ ಕತೆ ನಮಗೂ ಬಂದು ಮುಟ್ಟುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಭಾರ 10.3 ಮೀಟರ್ ನೀರನ್ನು ಹೊರುತ್ತದೆ. ಮಂಗಳೂರಿನಲ್ಲಿ ಹೆಚ್ಚುಕಮ್ಮಿ ಅಷ್ಟೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ಈ ಲೆಕ್ಕ ಹತ್ತಿರ ಹತ್ತಿರ 9.3 ಮೀಟರಿಗೆ ಇಳಿಯುತ್ತದೆ. ಅದೇ ಕಂಪನಿಯ ಅದೇ ಪಂಪನ್ನು ಘಾಟಿ ಹತ್ತಿಸಿದರೆ ಅದರ ಕೈಗೆ ಒಂದು ಮೀಟರ್ ಕಡಿಮೆ ನೀರು ಎಟುಕುತ್ತದೆ. ನಮ್ಮ ಊರು ಸುಮಾರು 600 ಮೀಟರಿನಲ್ಲಿದೆ, ಲೆಕ್ಕ 9.6. ಅದೂ ಪೂರ್ತಿ ಸಿಗುವುದಿಲ್ಲ. ಪೈಪಿನ ಒಳಮೈ ತಿಕ್ಕಾಟಕ್ಕೆ, ಬೆಂಡುಗಳಿಗೆ, ಫೂಟ್‌ವಾಲ್ವಿಗೆ ಒಂದಷ್ಟು ಹೋಗುತ್ತದೆ. ಒತ್ತಡ ತೀರಾ ಇಳಿದರೆ ನೀರು ತಣ್ಣಗಿದ್ದಂತೆಯೇ ಕುದಿಯಲು ಶುರುಮಾಡುತ್ತದೆ, ಆ ಆವಿಯ ಗುಳ್ಳೆಗಳು ಪಂಪಿನೊಳಗೆ ಒಡೆಯುವ ಸದ್ದೇ ನಮ್ಮ ಹಿರಿಯರು ಕೇಳಿದ ಜಲ್ಲಿಯ ಸದ್ದು. ಎಲ್ಲ ಕಳೆದು ಕೈಗೆ ಉಳಿಯುವುದು ಏಳೂವರೆ ಮೀಟರ್, ಅಂದರೆ 25 ಅಡಿ. ನಮ್ಮ ಮೊಳದಲ್ಲಿ ಹದಿನೇಳರ ಹತ್ತಿರ. ಪುಸ್ತಕದ ರಿಪೇರಿಯವನ ಸಂಖ್ಯೆಯನ್ನು ನಮ್ಮ ಊರಿನ ಮೊಳಕ್ಕೆ ಇಳಿಸಿಕೊಂಡರೆ ಸುಮಾರಾಗಿ ನಡೆಯುತ್ತದೆ ಎಂದು ಆಗ ಹೇಳಿದ್ದು ಇದಕ್ಕೆ.

ಆ ರಿಪೇರಿಯವನಿಗೆ ಹದಿನೆಂಟು ಮೊಳದ ಸಂಗತಿ ಎಲ್ಲಿಂದ ಗೊತ್ತಾಯಿತು? ಕಸುಬಿನಿಂದ. 1556ರಲ್ಲಿ ಅಚ್ಚಾದ ಅಗ್ರಿಕೋಲನ ಗಣಿಗಾರಿಕೆಯ ಪುಸ್ತಕದಲ್ಲಿ ಒಂದು ಚಿತ್ರವಿದೆ. ಆಳದ ಗಣಿಯಿಂದ ನೀರೆತ್ತಲು ಒಂದರ ಮೇಲೊಂದು ಮೂರು ಪಂಪು ಜೋಡಿಸಿದ್ದಾರೆ, ಕೆಳಗಿನದು ಒಂದು ತೊಟ್ಟಿಗೆ ಸುರಿದರೆ ಮೇಲಿನದು ಆ ತೊಟ್ಟಿಯಿಂದ ಎತ್ತುತ್ತದೆ. ಗೆಲಿಲಿಯೊ ಹುಟ್ಟುವುದಕ್ಕೆ ಎಂಟು ವರ್ಷ ಮುಂಚಿನ ಮಾತು. ಗಣಿಯವರು ಯಾಕೆಂದು ಕೇಳದೆಯೇ ಮಿತಿಯನ್ನು ಒಪ್ಪಿಕೊಂಡು ಅದರ ಸುತ್ತ ದಾರಿ ಮಾಡಿಕೊಂಡಿದ್ದರು.

ಗಣಿ ಎಂದಾಗ ಕೋಲಾರ ನೆನಪಾಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದದ್ದು ಮೊದಲು ಕೆಜಿಎಫ್‌ಗೆ, ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು ಆಮೇಲೆ, 1905ರಲ್ಲಿ. ಮೂರು ಕಿಲೋಮೀಟರಿಗೂ ಆಳದ ಆ ಗಣಿಯನ್ನು ಒಣಗಿಸಿಟ್ಟದ್ದು ಪಂಪುಗಳು. 2001ರಲ್ಲಿ ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರಿ ತುಂಬಿಕೊಂಡಿತು.

ನಮ್ಮ ಹಳೆಯ ನೀರೆತ್ತುವ ಸಾಧನಗಳಿಗೆ ಈ ಹದಿನೆಂಟು ಮೊಳದ ಹಂಗೇ ಇರಲಿಲ್ಲ. ಏತ, ಕಪಿಲೆ, ಗಡಗಡೆ ಮೂರೂ ನೀರನ್ನು ಪಾತ್ರೆಯಲ್ಲಿ ಹಿಡಿದು ಮೇಲೆ ತರುತ್ತವೆ, ಗಾಳಿಯ ಸಹಾಯ ಕೇಳುವುದಿಲ್ಲ. ಹಗ್ಗ ಎಷ್ಟುದ್ದವೋ ಬಾವಿ ಅಷ್ಟಾಳ. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಏತವನ್ನೂ ಕಪಿಲೆಯನ್ನೂ ದಾಖಲಿಸಿದ್ದಾನೆ. ಕಪಿಲೆಯಲ್ಲಿ ಎತ್ತಿನ ಜೋಡಿ ಇಳಿಜಾರಿನಲ್ಲಿ ಇಳಿಯುತ್ತಾ ಚರ್ಮದ ಚೀಲವನ್ನು ಮೇಲೆಳೆಯುತ್ತದೆ, ಚೀಲದ ಬಾಲ ತಾನೇ ಬಿಚ್ಚಿಕೊಂಡು ತೊಟ್ಟಿಗೆ ಸುರಿಯುತ್ತದೆ. ಎತ್ತು ಹಿಂದೆ ಹಿಂದೆ ಹತ್ತುವಾಗ ಚೀಲ ಕೆಳಗಿಳಿಯುತ್ತದೆ. ಕೆಲಸ ನಿಧಾನ. ಆ ನಿಧಾನದಲ್ಲೇ ಒಂದು ಸಂಗತಿ ಅಡಗಿತ್ತು.

ನನ್ನ ಅಮ್ಮ ಗಡಗಡೆಯಲ್ಲಿ ಸೇದುತ್ತಿದ್ದ ಕಾಲಕ್ಕೆ ಒಂದು ಕೊಡಪಾನ ಮೇಲೆ ಬರಲು ಒಂದು ನಿಮಿಷ ಹಿಡಿಯುತ್ತಿತ್ತು ಎಂದಿಟ್ಟುಕೊಳ್ಳಿ. ಹನ್ನೆರಡು ಲೀಟರ್. ಹತ್ತು ಕೊಡ ಸೇದಿದ ಮೇಲೆ ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದರು. ಅಷ್ಟರಲ್ಲಿ ಒರತೆ ತನ್ನ ಕೆಲಸ ಮುಗಿಸಿರುತ್ತಿತ್ತು. ನಮ್ಮ ಒಂದು ಎಚ್‌ಪಿ ಪಂಪು ನಿಮಿಷಕ್ಕೆ ನೂರು ಲೀಟರ್ ಎತ್ತುತ್ತದೆ. ಐದಡಿ ಅಗಲದ ಬಾವಿಯಲ್ಲಿ ಒಂದಡಿ ನೀರೆಂದರೆ ಸುಮಾರು 550 ಲೀಟರ್. ಇಪ್ಪತ್ತು ನಿಮಿಷಕ್ಕೆ ಎರಡು ಸಾವಿರ ಲೀಟರ್ ಹೋಗಿ ಮೂರಡಿ ಇಳಿದಿದೆ ಎಂದರೆ, ಒರತೆ ಅಷ್ಟು ಹೊತ್ತಿಗೆ ಕೊಟ್ಟದ್ದು ಮುನ್ನೂರೈವತ್ತು ಲೀಟರ್. ನಿಮಿಷಕ್ಕೆ ಹದಿನೇಳೂವರೆ. ಅಮ್ಮನ ಕೈಯ ವೇಗಕ್ಕಿಂತ ಕೊಂಚ ಹೆಚ್ಚು, ಪಂಪಿನ ವೇಗದ ಆರರಲ್ಲಿ ಒಂದು ಪಾಲು. ಬಾವಿ ತೋಡಿದವರು ಯಾವ ಲೆಕ್ಕಕ್ಕೆ ತೋಡಿದ್ದರು ಎಂಬುದು ಈ ಎರಡು ಸಂಖ್ಯೆಗಳಲ್ಲೇ ಕಾಣುತ್ತದೆ.

ಹಾಗೆಂದು ಗಡಗಡೆಯ ಕಾಲವೇ ಚೆನ್ನಾಗಿತ್ತು ಎಂದು ಹಾಡುವವನು ನಾನಲ್ಲ. ಆ ಹಾಡು ಹಾಡುವವರು ಸಾಮಾನ್ಯವಾಗಿ ನೀರು ಸೇದಿದವರಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಖಾನೆ 1926ರ ಹೊತ್ತಿಗೆ ಸೆಂಟ್ರಿಫ್ಯೂಗಲ್ ಪಂಪು ತಯಾರಿಸಿತು. ಸ್ವಾತಂತ್ರ್ಯದ ನಂತರ ಹಳ್ಳಿಗೆ ತಂತಿ ಬಂದ ಹಾಗೆಲ್ಲ ಪಂಪ್‌ಸೆಟ್ಟೂ ಬಂತು. ಎತ್ತಿನ ಬೆನ್ನಿಗೂ ಹೆಂಗಸರ ಸೊಂಟಕ್ಕೂ ಅದರಿಂದ ಸಿಕ್ಕ ಬಿಡುವು ಸಣ್ಣದಲ್ಲ. ಆದರೆ ತಂತಿಯ ಜೊತೆಗೆ ವೋಲ್ಟೇಜಿನ ಕಾಟವೂ ಬಂತು. ಮೋಟರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230 ಇರಬೇಕಾದಲ್ಲಿ 180 ಇದ್ದರೆ ಬಲ ಶೇಕಡಾ 61ಕ್ಕೆ ಇಳಿಯುತ್ತದೆ, ಮೋಟರು ಗುಂಯ್‌ಗುಟ್ಟುತ್ತಾ ಕಾದು ವೈಂಡಿಂಗ್ ಸುಡುತ್ತದೆ. ಪಂಪು ನಿಂತಿತೆಂದರೆ ನಮ್ಮ ಜನ ಮೊದಲು ಕರೆಂಟನ್ನು ಬೈಯುವುದು, ಆಮೇಲೆ ಕಂಡೆನ್ಸರ್ ಮುಟ್ಟುವುದು ಈ ಅನುಭವದಿಂದ. ಬಾವಿಯೊಳಗೆ ಇಣುಕುವುದು ಕೊನೆಗೆ.

ನಿಲ್ಲುವ ಪಂಪಿನ ಇನ್ನೊಂದು ಅಧ್ಯಾಯ ಊರಬಾವಿಯದು. 1960ರ ದಶಕದ ನಡುವಿನ ಬರದ ನಂತರ ಯುನಿಸೆಫ್ ನೆರವಿನಿಂದ ದೇಶದ ಗಟ್ಟಿಕಲ್ಲಿನ ಪ್ರದೇಶಗಳಲ್ಲಿ ಕೊಳವೆಬಾವಿ ಕೊರೆದು ಕೈಪಂಪು ಕೂರಿಸಿದರು. ಆ ಕೈಪಂಪುಗಳು ಬೀಡುಕಬ್ಬಿಣದವು, ಮೂಲತಃ ಹೊರದೇಶದ ಒಂದು ಮನೆಯ ಬಳಕೆಗೆಂದು ರೂಪಿಸಿದವುಗಳ ನಕಲು. ಇಡೀ ಊರು ಬೆಳಗಿನಿಂದ ಕತ್ತಲೆಯವರೆಗೆ ಒತ್ತಿದರೆ ಎಷ್ಟು ದಿನ ಬಾಳಾವು? 1970ರ ದಶಕದ ನಡುವಿಗೆ ಅವುಗಳಲ್ಲಿ ಬಹುಪಾಲು ಕೆಟ್ಟು ನಿಂತಿದ್ದವು. ಸೊಲ್ಲಾಪುರ ಕಡೆ ರೂಪುಗೊಂಡಿದ್ದ ಉಕ್ಕಿನ ಗಟ್ಟಿ ಪಂಪನ್ನು ಆಧಾರವಾಗಿಟ್ಟುಕೊಂಡು ಇಂಡಿಯಾ ಮಾರ್ಕ್ ಟೂ ಬಂದದ್ದು ಆಗ. ಅದರ ಸಿಲಿಂಡರ್ ಇರುವುದು ಮೇಲಲ್ಲ, ಕೊಳವೆಯೊಳಗೆ ನೀರಿನ ಮಟ್ಟಕ್ಕಿಂತ ಕೆಳಗೆ. ಗಾಳಿಯನ್ನು ನಂಬದೆ ಸರಳಿನಿಂದ ಎತ್ತುವ ಪಂಪು. ಸಗ್ರೆದೊ ಕೂಡ ತನ್ನ ತೊಟ್ಟಿಯ ಕತೆಯಲ್ಲಿ, ಕೊಂತ ಕೆಳಗಿದ್ದು ನೀರನ್ನು ತಳ್ಳುವ ಪಂಪುಗಳ ಮಾತೇ ಬೇರೆ ಎಂದು ಒಂದು ಸಾಲು ಹೇಳಿಯೇ ಮುಂದೆ ಹೋಗಿದ್ದ.

ಆ ಒಂದು ಸಾಲನ್ನು ಕೊನೆಯವರೆಗೆ ಎಳೆದರೆ ಸಬ್‌ಮರ್ಸಿಬಲ್ ಪಂಪು. ರಷ್ಯಾದಲ್ಲಿ ಹುಟ್ಟಿದ ಅರುತುನೊಫ್ ಎಂಬ ಎಂಜಿನಿಯರ್ ಮೋಟರನ್ನೇ ನೀರೊಳಗೆ ಮುಳುಗಿಸುವ ಈ ಉಪಾಯವನ್ನು ಬೆಳೆಸಿದ, 1920ರ ದಶಕದ ಕೊನೆಗೆ ಅಮೆರಿಕದ ಎಣ್ಣೆಬಾವಿಗಳಲ್ಲಿ ಅದು ಕೆಲಸ ಶುರುಮಾಡಿತು. ನಮ್ಮ ಕಡೆ ಅದು ಎಣ್ಣೆಗಲ್ಲ, ನೀರಿಗೆ ಬಂತು. ಮುನ್ನೂರು ಅಡಿ, ಆರುನೂರು ಅಡಿ, ಕೋಲಾರ ಚಿಕ್ಕಬಳ್ಳಾಪುರದ ಕಡೆ ಸಾವಿರವನ್ನೂ ದಾಟಿ ಇಳಿಯಿತು. ಪಕ್ಕದಲ್ಲಿ ನಿಂತು ಇಪ್ಪತ್ತೈದು ಅಡಿಗೆ ಸಾಕೆನ್ನುವ ಗಾಳಿ ಅಲ್ಲಿಲ್ಲ. ಬಾವಿಕಟ್ಟೆಯ ಪಂಪು ನಿಂತಾಗ ಬಾವಿಯಲ್ಲಿ ಇನ್ನೂ ಐದಾರು ಅಡಿ ನೀರು ಉಳಿದಿರುತ್ತಿತ್ತು, ಕುಡಿಯಲು ಸೇದಿಕೊಳ್ಳುವಷ್ಟು. ಮುಳುಗು ಪಂಪು ನಿಲ್ಲುವುದು ಏನೂ ಉಳಿಯದಿದ್ದಾಗ. ಹಾಗಾಗಿ ಮೇಲಿನ ಪಂಪು ಪದೇ ಪದೇ ನಿಲ್ಲುವುದನ್ನು ನಾನು ಪೂರ್ತಿ ದೋಷವೆಂದು ಎಣಿಸುವುದಿಲ್ಲ.

ನಮ್ಮ ಬಾವಿಗೆ ಹಿರಿಯರು ಹೇಳಿದ ಉಪಾಯ ಅಗ್ಗದ್ದು. ಪಂಪನ್ನು ಬಾವಿಯೊಳಗೆ ಕಲ್ಲಿನ ಅಡ್ಡಪಟ್ಟಿಯ ಮೇಲೆ ಎಂಟಡಿ ಇಳಿಸಿ ಕೂರಿಸಬಹುದು, ಆದರೆ ಮಳೆಗಾಲಕ್ಕೆ ಮುಂಚೆ ಮರೆಯದೆ ಎತ್ತಬೇಕು, ನೀರಿನ ಮೇಲೆ ತೂಗಿಕೊಂಡು ಕರೆಂಟಿನ ಕೆಲಸ ಮಾಡಬೇಕು. ಅದು ಬೇಡ ಎಂದರು. ಹೊರಹೋಗುವ ಪೈಪಿನ ಗೇಟ್‌ವಾಲ್ವನ್ನು ಅರ್ಧಕ್ಕೆ ತಿರುಗಿಸಿ, ಹದಿನೈದು ನಿಮಿಷ ಓಡಿಸಿ, ಮೂರು ಗಂಟೆ ಬಿಡಿ. ಮೋಟರಿಗೊಂದು ಟೈಮರ್ ಹಾಕಿದೆವು. ಬೇಸಿಗೆ ಕಳೆಯಿತು. ಅಡಿಕೆ ಸಸಿಗಳಿಗೆ ಮಾತ್ರ ನೀರು ಸಾಲಲಿಲ್ಲ, ಇಪ್ಪತ್ತು ಸಸಿ ಹೋದವು.

ಹೊರಡುವಾಗ ಅವರು ಕೇಳಿದ ಪ್ರಶ್ನೆ ಇನ್ನೂ ಉಳಿದಿದೆ. “ಮೇಲಿನ ಮನೆಯವರು ಬೋರ್ ಹಾಕಿಸಿದ್ದು ಯಾವಾಗ ಮೇಷ್ಟ್ರೇ?” ಹಾಕಿಸಿದ್ದು ಹಿಂದಿನ ವರ್ಷ. ಅದರಿಂದಲೇ ನಮ್ಮ ನೀರು ಇಳಿಯಿತೇ? ಕೊಳವೆಬಾವಿ ಕುಡಿಯುವುದು ಕೆಳಗಿನ ಬಂಡೆಯ ಬಿರುಕಿನ ನೀರನ್ನು, ತೆರೆದ ಬಾವಿಯದು ಮೇಲಿನ ಮಣ್ಣು ಜಂಬಿಟ್ಟಿಗೆಯ ನೀರು. ಎರಡಕ್ಕೂ ಒಳದಾರಿ ಇರಬಹುದು, ಇಲ್ಲದಿರಬಹುದು. ಒಂದೊಂದು ಗುಡ್ಡದಲ್ಲಿ ಒಂದೊಂದು ಥರ. ಇದ್ದರೆ ಅದು ಗೊತ್ತಾಗುವುದು ಹಳೆಯ ಅಳತೆಯಿಂದ. ಕೇಂದ್ರ ಅಂತರ್ಜಲ ಮಂಡಳಿ ದೇಶದ ಆಯ್ದ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟ ಅಳೆದು ಬರೆದಿಡುತ್ತದೆ, ಆ ಬಾವಿಗಳಿಗೆ ಚರಿತ್ರೆಯಿದೆ. ನಮ್ಮದು ಅವುಗಳಲ್ಲೊಂದಲ್ಲ. ಅಜ್ಜನ ಕಾಲದಿಂದ ನೀರು ಕುಡಿದಿದ್ದೇವೆ, ಯಾವ ಯುಗಾದಿಗೆ ನೀರು ಎಷ್ಟಡಿಯಲ್ಲಿತ್ತು ಎಂದು ಮನೆಯಲ್ಲಿ ಒಬ್ಬರಿಗೂ ಹೇಳಲು ಬರುವುದಿಲ್ಲ. ಅಮ್ಮನಿಗೆ ನೆನಪಿರುವುದು ಹಗ್ಗ: ಮೊದಲು ಎಂಟು ಮಾರು ಹಗ್ಗ ಸಾಕಾಗುತ್ತಿತ್ತು, ತಂಗಿಯ ಮದುವೆಯ ವರ್ಷ ಒಂದು ಮಾರು ಜೋಡಿಸಿದ್ದು. ಇಷ್ಟು ಸಾಕ್ಷಿ ಹಿಡಿದು ಮೇಲಿನ ಮನೆಯವರ ಜಗಲಿಗೆ ಹೋಗಿ ಏನು ಮಾತಾಡುವುದು? ಹಬ್ಬಕ್ಕೆ ಕಡುಬು ಕೊಟ್ಟುಕಳಿಸುವ ಮನೆ ಅದು.

ಹಿರಿಯರು ಅಳೆದ ಹಗ್ಗವನ್ನು ಅಡಿಗೊಂದು ಗಂಟು ಹಾಕಿ ಬಾವಿಕಟ್ಟೆಯ ಗೂಟಕ್ಕೆ ತೂಗುಹಾಕಿದ್ದೇನೆ. ಪ್ರತಿ ತಿಂಗಳ ಒಂದನೇ ತಾರೀಕು ಬೆಳಿಗ್ಗೆ, ಮೋಟರು ಹಾಕುವ ಮೊದಲು ಇಳಿಬಿಟ್ಟು, ಪಂಪಿನ ಶೆಡ್ಡಿನ ಗೋಡೆಗೆ ಇದ್ದಿಲಿನಲ್ಲಿ ಬರೆಯುತ್ತೇನೆ. ಹೋದ ಮಾರ್ಚಿಗೆ 23, ಏಪ್ರಿಲಿಗೆ 25, ಮೇ ತಿಂಗಳಿಗೆ 27, ಆಗಸ್ಟಿಗೆ 6. ಈ ಮಾರ್ಚಿಗೆ 24. ಮೇಲಿನ ಮನೆಯ ಹುಡುಗ ಒಂದು ದಿನ ಬಂದು ಗೋಡೆ ನೋಡಿ, ಇದೇನು ಎಂದು ಕೇಳಿದ. ಹೇಳಿದೆ. ಅವರ ಹಳೆಯ ಬಾವಿ ಇನ್ನೂ ಮುಚ್ಚಿಲ್ಲವಂತೆ. ಅಳೆಯಲು ಹಗ್ಗ ಕೇಳಿ ತೆಗೆದುಕೊಂಡು ಹೋದ.